ಮೊಣಕಾಲಿನ ಹತ್ತಿರದ ಸಾದಾ ಗಡ್ಡೆ: ಕಾಯಬೇಕೆ, ತೆಗೆಸಬೇಕೆ?

ಮೊಣಕಾಲು ನೋವೆಂದು ನನ್ನ ಬಳಿ ಬರುವ ಹದಿಹರೆಯದ ಮಕ್ಕಳಲ್ಲಿ ಬಹುಪಾಲಿನವರಿಗೆ ಎಲುಬಿನ ಗಡ್ಡೆ ಇರುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ರಾಯಚೂರಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಕೆಲಸ ಮಾಡುವ ನಾನು ದಿನವೂ ನೋಡುವುದು ಕಬಡ್ಡಿ, ಖೋಖೋ ಆಡಿ ಚಿಪ್ಪಿನ ಸುತ್ತ ನೋವು ತಂದುಕೊಂಡವರನ್ನು, ಓಟದ ಅಭ್ಯಾಸ ಅತಿಯಾಗಿ ಚಿಪ್ಪಿನ ಕೆಳಗಿನ ಎಲುಬಿನ ದಿಬ್ಬ ಊದಿಕೊಂಡವರನ್ನು, ಒಂದೇ ವರ್ಷದಲ್ಲಿ ಎತ್ತರ ಬೆಳೆದು ತೊಡೆಯ ಸ್ನಾಯು ಬಿಗಿದುಕೊಂಡವರನ್ನು. ಇವರಿಗೆಲ್ಲ ವಿಶ್ರಾಂತಿ, ಸರಿಯಾದ ವ್ಯಾಯಾಮ ಮತ್ತು ಸ್ವಲ್ಪ ತಾಳ್ಮೆ ಸಾಕಾಗುತ್ತದೆ. ಅವರ ನಡುವೆಯೇ ಅಪರೂಪಕ್ಕೆ ಒಂದು ಮಗು ಬೇರೆ ಬಗೆಯ ನೋವನ್ನು ಹೊತ್ತು ಬರುತ್ತದೆ, ಮತ್ತು ಆ ಮಗುವನ್ನು ಗುರುತಿಸುವುದು ಕಷ್ಟವಾಗುವುದು ಉಳಿದವರೆಲ್ಲರೂ ಒಂದೇ ತರಹ ಕಾಣುವುದರಿಂದಲೇ.

ಕೆಲವು ವರ್ಷಗಳ ಹಿಂದೆ ಮಾನ್ವಿ ಕಡೆಯ ಹಳ್ಳಿಯೊಂದರಿಂದ ಒಂಬತ್ತನೆಯ ತರಗತಿಯ ಹುಡುಗನನ್ನು ಅವನ ತಾಯಿ ಕರೆತಂದಿದ್ದರು. “ಹಗಲೆಲ್ಲಾ ಆಡ್ತಾನ್ರೀ, ರಾತ್ರಿ ಆತಂದ್ರ ಕಾಲು ಹಿಡಕೊಂಡು ಅಳ್ತಾನ. ಒಂದು ಗುಳಿಗಿ ಕೊಟ್ರ ಮಕ್ಕೊಂತಾನ” ಎಂದು ಅವರು ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು, ಮನಸ್ಸಿಗೆ ಇಳಿದಿರಲಿಲ್ಲ. ಮೂರು ವಾರ ವ್ಯಾಯಾಮ ಮಾಡಿಸಿದೆ. ನಾಲ್ಕನೆಯ ವಾರ ಟೇಪು ಹಿಡಿದು ಎರಡೂ ತೊಡೆಗಳ ಸುತ್ತಳತೆ ನೋಡಿದಾಗ, ನೋವಿರುವ ಕಾಲಿನ ತೊಡೆ ಎರಡು ಸೆಂಟಿಮೀಟರ್ ಸಣ್ಣದಾಗಿತ್ತು. ಎಕ್ಸ್‌ರೇ ತೆಗೆಸಿದಾಗ ಮೊಣಕಾಲಿನ ಕೆಳಗಿನ ಎಲುಬಿನ ಗೋಡೆ ಒಂದು ಪಕ್ಕದಲ್ಲಿ ದಪ್ಪಗಾಗಿ, ಅದರ ನಡುವೆ ಜೋಳದ ಕಾಳಿನಷ್ಟು ಕಪ್ಪು ಚುಕ್ಕೆ ಕಂಡಿತು. ಆ ಚುಕ್ಕೆ ಕ್ಯಾನ್ಸರ್ ಆಗಿರಲಿಲ್ಲ, ಹುಡುಗ ಮುಂದೆ ಪೂರ್ತಿ ಗುಣವಾದ. ಆದರೂ ಆ ಮೂರು ವಾರಗಳ ರಾತ್ರಿಗಳು ಅವನಿಗೆ ನನ್ನಿಂದಾದವು, ಮತ್ತು ಈ ಬರಹಕ್ಕೆ ಕಾರಣವೂ ಅವೇ.

ಗಡ್ಡೆ ಎಂಬ ಮಾತು ಕಿವಿಗೆ ಬಿದ್ದೊಡನೆ ತಂದೆತಾಯಿಗಳ ಮುಂದೆ ಒಂದರ ಹಿಂದೊಂದು ಆಯ್ಕೆಗಳು ಬಂದು ನಿಲ್ಲುತ್ತವೆ: ಕಾಯುವುದೋ ಪರೀಕ್ಷೆ ಮಾಡಿಸುವುದೋ, ಎಕ್ಸ್‌ರೇ ಸಾಕೋ ಎಂಆರ್‌ಐ ಬೇಕೋ, ಹಾಗೇ ಬಿಡುವುದೋ ಆಪರೇಷನ್ ಮಾಡಿಸುವುದೋ, ಇಲ್ಲೇ ಮಾಡಿಸುವುದೋ ಬೆಂಗಳೂರಿಗೆ ಹೋಗುವುದೋ. ಇವುಗಳಲ್ಲಿ ಯಾವುದಕ್ಕೂ ಎಲ್ಲರಿಗೂ ಹೊಂದುವ ಒಂದೇ ಉತ್ತರವಿಲ್ಲ, ಏಕೆಂದರೆ ಉತ್ತರವನ್ನು ತೀರ್ಮಾನಿಸುವುದು ಗಡ್ಡೆಯ ಗಾತ್ರವೂ ಅಲ್ಲ, ನಮ್ಮ ಭಯವೂ ಅಲ್ಲ. ಅದು ಯಾವ ಜಾತಿಯ ಗಡ್ಡೆ ಮತ್ತು ಎಲುಬಿನ ಯಾವ ಜಾಗದಲ್ಲಿದೆ ಎಂಬ ಎರಡು ಸಂಗತಿಗಳು. ಒಂದಕ್ಕೆ ಕಾಯುವುದೇ ಚಿಕಿತ್ಸೆಯಾದರೆ ಇನ್ನೊಂದಕ್ಕೆ ಕಾಯುವುದೇ ಕೇಡು.

ಕಾಯಬಹುದಾದ ನೋವು, ಕಾಯಬಾರದ ನೋವು

“ಬೆಳೆಯೋ ಮಕ್ಕಳಿಗೆ ಕಾಲು ನೋಯೋದು ಸಹಜ” ಎಂದು ಹಿರಿಯರು ಹೇಳುವುದು ಸುಳ್ಳಲ್ಲ. ಆದರೆ ಬೆಳವಣಿಗೆಯ ನೋವಿಗೆ ತನ್ನದೇ ಲಕ್ಷಣಗಳಿವೆ. ಅದು ಸಾಮಾನ್ಯವಾಗಿ ಮೂರರಿಂದ ಹನ್ನೆರಡು ವರ್ಷದೊಳಗೆ ಬರುತ್ತದೆ, ಎರಡೂ ಕಾಲುಗಳಲ್ಲಿ ಇರುತ್ತದೆ, ತೊಡೆ, ಮೀನಖಂಡ ಅಥವಾ ಮೊಣಕಾಲಿನ ಹಿಂದೆ ಎಲ್ಲೋ ಹರಡಿದಂತಿರುತ್ತದೆ, ಕೈಯಿಂದ ನೀವಿದರೆ ಹಿತವೆನಿಸುತ್ತದೆ, ಬೆಳಿಗ್ಗೆ ಎದ್ದಾಗ ಇರುವುದಿಲ್ಲ, ಮಗು ಕುಂಟುವುದಿಲ್ಲ. ಇದಕ್ಕೆ ಬದಲಾಗಿ ನೋವು ಒಂದೇ ಕಾಲಿನಲ್ಲಿದ್ದು, ಎಲ್ಲಿ ಎಂದು ಕೇಳಿದಾಗ ಮಗು ಒಂದೇ ಬೆರಳಿನಿಂದ ಪ್ರತಿ ಸಲವೂ ಅದೇ ಜಾಗವನ್ನು ತೋರಿಸುತ್ತಿದ್ದರೆ, ನಿದ್ದೆಯಿಂದ ಎಬ್ಬಿಸುತ್ತಿದ್ದರೆ, ನಡಿಗೆಯಲ್ಲಿ ಕುಂಟು ಕಾಣುತ್ತಿದ್ದರೆ, ಗಂಟು ಅಥವಾ ಬಾವು ಕೈಗೆ ಸಿಗುತ್ತಿದ್ದರೆ, ಆಟ ಬಿಡಿಸಿ ಮೂರು ನಾಲ್ಕು ವಾರವಾದರೂ ಕಡಿಮೆಯಾಗದಿದ್ದರೆ, ಅದನ್ನು ಬೆಳವಣಿಗೆಯ ನೋವೆಂದು ಕರೆಯುವ ಹಕ್ಕು ನಮಗಿಲ್ಲ.

ನಮ್ಮ ಭಾಗದಲ್ಲಿ ಇನ್ನೊಂದು ಗೊಂದಲವಿದೆ. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ಮಿತಿಯನ್ನು ದಾಟಿದ ನೀರನ್ನೇ ತಲೆಮಾರುಗಳಿಂದ ಕುಡಿದವರಿದ್ದಾರೆ. ಹೀಗಾಗಿ ಕಾಲು ನೋವೆಂದರೆ “ನೀರಿನ ದೋಷ” ಎಂದು ಸುಮ್ಮನಾಗುವುದು ರೂಢಿಯಾಗಿದೆ. ಫ್ಲೋರೋಸಿಸ್ ಎರಡೂ ಕಾಲುಗಳನ್ನು ಹಿಡಿಯುತ್ತದೆ, ಬೆನ್ನು ಮತ್ತು ಕೀಲುಗಳನ್ನು ಬಿಗಿಯಾಗಿಸುತ್ತದೆ, ಹಲ್ಲಿನ ಮೇಲೆ ಕಂದು ಪಟ್ಟೆಗಳನ್ನು ಮೂಡಿಸುತ್ತದೆ, ಒಂದೇ ಓಣಿಯ ಹಲವು ಮಕ್ಕಳಲ್ಲಿ ಕಾಣುತ್ತದೆ. ಒಂದೇ ಮಗುವಿನ ಒಂದೇ ಮೊಣಕಾಲಿನ ಒಂದೇ ಜಾಗದ ನೋವಿಗೆ ನೀರನ್ನು ದೂರುವುದರಲ್ಲಿ ಅರ್ಥವಿಲ್ಲ.

ಮತ್ತೊಂದು ಸಂಗತಿ ವೈದ್ಯರನ್ನೂ ದಾರಿ ತಪ್ಪಿಸುವಂಥದ್ದು. ಸೊಂಟದ ಕೀಲಿನ ತೊಂದರೆ ಹಲವು ಸಲ ಮೊಣಕಾಲಿನಲ್ಲಿ ನೋವಾಗಿ ಕಾಣಿಸಿಕೊಳ್ಳುತ್ತದೆ, ಏಕೆಂದರೆ ಎರಡಕ್ಕೂ ಹೋಗುವ ನರಗಳು ಒಂದೇ. ತೊಡೆಯೆಲುಬಿನ ಕುತ್ತಿಗೆಯಲ್ಲಿ ಕೂತ ಸಣ್ಣ ಗಡ್ಡೆಗೂ, ಹದಿಹರೆಯದಲ್ಲಿ ತೊಡೆಯೆಲುಬಿನ ತಲೆ ತನ್ನ ಜಾಗದಿಂದ ಜಾರುವ ಕಾಯಿಲೆಗೂ ಮಗು ಕೈ ಇಡುವುದು ಮೊಣಕಾಲಿನ ಮೇಲೆಯೇ. ಮೊಣಕಾಲಿನ ಎಕ್ಸ್‌ರೇ ಚೆನ್ನಾಗಿದ್ದು ನೋವು ಹೋಗದಿದ್ದರೆ, ಸೊಂಟದ ಎಕ್ಸ್‌ರೇ ಬೇಕೇ ಎಂದು ನೀವಾಗಿಯೇ ಕೇಳಿ. ಕೇಳಿದ್ದಕ್ಕೆ ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ.

ಈ ಹಂತದಲ್ಲಿ ಬೇಡವಾದ ಆಯ್ಕೆಗಳನ್ನೂ ಸ್ಪಷ್ಟವಾಗಿ ಹೇಳಬೇಕು. ಕಾರಣ ಗೊತ್ತಿಲ್ಲದ ಗಂಟನ್ನು ಎಣ್ಣೆ ಹಚ್ಚಿ ತಿಕ್ಕಿಸುವುದು, ಬರೆ ಹಾಕಿಸುವುದು, ಪುತ್ತೂರು ಕಟ್ಟು ಕಟ್ಟಿಸಿಕೊಂಡು ಆರು ವಾರ ಮನೆಯಲ್ಲಿ ಕೂರಿಸುವುದು, ಊರಿನಲ್ಲಿ ಯಾರಿಂದಲೋ ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸುವುದು, ಇವು ಯಾವುವೂ ಎಕ್ಸ್‌ರೇಗೆ ಮೊದಲು ನಡೆಯಬಾರದು. ಕಟ್ಟು ಕಟ್ಟುವವರ ಕೈಗುಣದ ಮೇಲೆ ಜನರಿಗಿರುವ ನಂಬಿಕೆಯನ್ನು ನಾನು ಹಗುರಾಗಿ ಕಾಣುವುದಿಲ್ಲ, ಆದರೆ ಎಲುಬಿನೊಳಗಿನ ಗಡ್ಡೆ ಕೈಗೆ ತಿಳಿಯುವಂಥದ್ದಲ್ಲ, ಮತ್ತು ಆ ಗಡ್ಡೆ ಒಂದು ವೇಳೆ ಕೆಟ್ಟದ್ದಾಗಿದ್ದರೆ ಕಳೆದುಹೋದ ಆರು ವಾರಗಳನ್ನು ಯಾರೂ ಮರಳಿಸಲಾರರು.

ಯಾವ ಗಡ್ಡೆ, ಎಲುಬಿನ ಯಾವ ಜಾಗದಲ್ಲಿ

ಗಡ್ಡೆಗಳು ಮೊಣಕಾಲಿನ ಸುತ್ತಲೇ ಏಕೆ ಹೆಚ್ಚು ಎಂಬುದಕ್ಕೆ ಕಾರಣ ಬೆಳವಣಿಗೆಯಲ್ಲಿದೆ. ಮಗುವಿನ ಉದ್ದ ಎಲುಬುಗಳ ತುದಿಯ ಹತ್ತಿರ ಮೃದ್ವಸ್ಥಿಯ ಒಂದು ತೆಳುವಾದ ಪಟ್ಟಿಯಿರುತ್ತದೆ. ವೈದ್ಯರು ಅದನ್ನು ಗ್ರೋತ್ ಪ್ಲೇಟ್ ಎನ್ನುತ್ತಾರೆ. ಕಾಲು ಉದ್ದವಾಗುವುದರ ಮೂರನೆಯ ಎರಡು ಭಾಗದಷ್ಟು ಮೊಣಕಾಲಿನ ಮೇಲೆ ಮತ್ತು ಕೆಳಗೆ ಇರುವ ಎರಡು ಪಟ್ಟಿಗಳಿಂದಲೇ ಆಗುತ್ತದೆ. ಹುಡುಗಿಯರಲ್ಲಿ ಹದಿನಾಲ್ಕು ಹದಿನೈದಕ್ಕೆ, ಹುಡುಗರಲ್ಲಿ ಹದಿನಾರು ಹದಿನೇಳಕ್ಕೆ ಇವು ಮುಚ್ಚಿಕೊಳ್ಳುತ್ತವೆ. ಎಲ್ಲಿ ಜೀವಕೋಶಗಳು ಇಷ್ಟು ವೇಗವಾಗಿ ದುಡಿಯುತ್ತವೋ ಅಲ್ಲಿ ಲೆಕ್ಕ ತಪ್ಪುವ ಸಾಧ್ಯತೆಯೂ ಹೆಚ್ಚು. ಗಡ್ಡೆ ಈ ಪಟ್ಟಿಯ ಯಾವ ಪಕ್ಕದಲ್ಲಿದೆ ಎಂಬುದೇ ಅದರ ಹೆಸರಿಗೆ ಅರ್ಧ ಸುಳಿವು.

ಎಲ್ಲಕ್ಕಿಂತ ಸಾಮಾನ್ಯವಾದದ್ದು ಆಸ್ಟಿಯೋಕಾಂಡ್ರೋಮಾ. ಇದು ಪಟ್ಟಿಯ ಹತ್ತಿರ ಎಲುಬಿನ ಹೊರಮೈಯಿಂದ ಕೊಂಬೆಯಂತೆ ಹೊರಟು, ಕೀಲಿನಿಂದ ದೂರದ ದಿಕ್ಕಿಗೆ ಬಾಗಿ ಬೆಳೆಯುತ್ತದೆ. ತುದಿಯಲ್ಲಿ ಮೃದ್ವಸ್ಥಿಯ ಟೋಪಿ ಇರುತ್ತದೆ. ಸ್ನಾನ ಮಾಡಿಸುವಾಗ ತಾಯಿಯ ಕೈಗೆ ಗಟ್ಟಿ ಗಂಟಾಗಿ ಮೊದಲು ಸಿಗುವುದು ಹೆಚ್ಚಾಗಿ ಇದೇ. ಇದು ತಾನಾಗಿ ನೋಯುವುದಿಲ್ಲ. ಅದರ ಮೇಲೆ ಸ್ನಾಯುರಜ್ಜು ಉಜ್ಜಿದಾಗ, ಪೆಟ್ಟು ಬಿದ್ದು ತೊಟ್ಟು ಮುರಿದಾಗ, ನರ ಅಥವಾ ರಕ್ತನಾಳವನ್ನು ಒತ್ತಿದಾಗ ನೋಯುತ್ತದೆ. ಮೊಣಕಾಲಿನ ಹೊರಮಗ್ಗುಲಿನ ಸಣ್ಣ ಎಲುಬಿನ ಮೇಲ್ತುದಿಯಲ್ಲಿ ಇದು ಬೆಳೆದರೆ ಪಾದ ಎತ್ತುವ ನರ ಸಿಕ್ಕಿಹಾಕಿಕೊಂಡು, ನಡೆಯುವಾಗ ಚಪ್ಪಲಿ ಜಾರುವುದು, ಹೆಬ್ಬೆರಳು ಮೇಲೇಳದಿರುವುದು ಕಾಣಬಹುದು. ಮೈಯಲ್ಲಿ ಹಲವು ಕಡೆ ಇಂಥ ಗಂಟುಗಳಿದ್ದು ತಂದೆಗೋ ತಾಯಿಗೋ ಸಹ ಇದ್ದರೆ ಅದು ವಂಶದಲ್ಲಿ ಹರಿದು ಬರುವ ಬಗೆ, ಅದನ್ನು ಇನ್ನೂ ಎಚ್ಚರದಿಂದ ನೋಡಿಕೊಳ್ಳಬೇಕು.

ನಾನ್ ಆಸಿಫೈಯಿಂಗ್ ಫೈಬ್ರೋಮಾ ಎಂಬ ದೊಡ್ಡ ಹೆಸರಿನದ್ದು ನಿಜಕ್ಕೂ ತೀರ ಸಾಧುವಾದದ್ದು. ಆಟದಲ್ಲಿ ಬಿದ್ದ ಮಗುವಿಗೆ ಎಕ್ಸ್‌ರೇ ತೆಗೆದಾಗ ಎಲುಬಿನ ಒಂದು ಅಂಚಿನಲ್ಲಿ ಬಿಳಿ ಗೆರೆಯ ಬೇಲಿಯೊಳಗೆ ಗುಳ್ಳೆಗಳಂತೆ ಕಾಣುತ್ತದೆ. ನೋವಿಗೂ ಇದಕ್ಕೂ ಸಾಮಾನ್ಯವಾಗಿ ಸಂಬಂಧವಿರುವುದಿಲ್ಲ, ವಯಸ್ಸಾದಂತೆ ತಾನೇ ತುಂಬಿಕೊಂಡು ಮಾಯವಾಗುತ್ತದೆ.

ಆಸ್ಟಿಯಾಯ್ಡ್ ಆಸ್ಟಿಯೋಮಾ ಆ ಮಾನ್ವಿಯ ಹುಡುಗನಿಗೆ ಇದ್ದದ್ದು. ಎರಡು ಸೆಂಟಿಮೀಟರ್ ಕೂಡ ಇರದ ಇದರ ತಿರುಳು ಪ್ರೋಸ್ಟಗ್ಲಾಂಡಿನ್ ಎಂಬ, ನೋವು ಹುಟ್ಟಿಸುವ ರಾಸಾಯನಿಕವನ್ನು ಧಾರಾಳವಾಗಿ ಉತ್ಪಾದಿಸುತ್ತದೆ. ಐಬುಪ್ರೊಫೇನ್, ನೆಪ್ರೋಕ್ಸೆನ್‌ನಂಥ ಗುಳಿಗೆಗಳು ಅದೇ ರಾಸಾಯನಿಕವನ್ನು ತಡೆಯುವುದರಿಂದ ಅರ್ಧ ಮುಕ್ಕಾಲು ಗಂಟೆಯಲ್ಲಿ ನೋವು ಇಳಿಯುತ್ತದೆ. ರಾತ್ರಿ ನೋವು, ಗುಳಿಗೆಗೆ ಚಟ್ಟನೆ ಶಮನ, ಮರುರಾತ್ರಿ ಮತ್ತೆ ಅದೇ: ಈ ಮೂರೂ ಕೂಡಿ ಬಂದರೆ ಬೇರೆ ಸಾಕ್ಷಿ ಬರುವ ಮೊದಲೇ ಇದರ ಮೇಲೆ ಅನುಮಾನ ಪಡಬೇಕು. ಆ ತಾಯಿ ನನಗೆ ಹೇಳಿದ್ದು ಪಾಠಪುಸ್ತಕದ ವಾಕ್ಯವೇ ಆಗಿತ್ತು.

ಕಾಂಡ್ರೋಬ್ಲಾಸ್ಟೋಮಾ ಬೆಳವಣಿಗೆಯ ಪಟ್ಟಿಯನ್ನು ದಾಟಿ ಕೀಲಿನ ಮಗ್ಗುಲಿನ ಎಲುಬಿನ ತುದಿಯಲ್ಲೇ ಹುಟ್ಟುವ ಅಪರೂಪದ ಗಡ್ಡೆ. ಹತ್ತರಿಂದ ಇಪ್ಪತ್ತರ ವಯಸ್ಸಿನಲ್ಲಿ ಹೆಚ್ಚು. ಕೀಲಿಗೆ ಅಂಟಿಕೊಂಡೇ ಇರುವುದರಿಂದ ಮೊಣಕಾಲಿನಲ್ಲಿ ನೀರು ತುಂಬುತ್ತದೆ, ಮಡಚಲು ಕಷ್ಟವಾಗುತ್ತದೆ, ಎಷ್ಟೋ ಸಲ ಸಂಧಿವಾತವೆಂದೋ ಕೀಲಿನ ಟಿಬಿ ಎಂದೋ ತಿಂಗಳುಗಟ್ಟಲೆ ಔಷಧಿ ನಡೆದುಬಿಡುತ್ತದೆ. ಟಿಬಿ ನಮ್ಮಲ್ಲಿ ಇಲ್ಲದ ಕಾಯಿಲೆಯಲ್ಲ, ಅದನ್ನು ಅನುಮಾನಿಸುವುದು ತಪ್ಪೂ ಅಲ್ಲ. ಆದರೆ ಪುರಾವೆ ಇಲ್ಲದೆ ಬರೀ ಅನುಮಾನದ ಮೇಲೆ ತಿಂಗಳುಗಟ್ಟಲೆ ಗುಳಿಗೆ ನುಂಗಿಸುವುದು ತಪ್ಪು.

ಅನ್ಯೂರಿಸ್ಮಲ್ ಬೋನ್ ಸಿಸ್ಟ್ ಎಂಬುದು ರಕ್ತ ತುಂಬಿದ ಕೋಣೆಗಳ ಚೀಲ, ಎಲುಬನ್ನು ಒಳಗಿನಿಂದ ಬಲೂನಿನಂತೆ ಉಬ್ಬಿಸುತ್ತದೆ, ಬೇಗ ಬೆಳೆಯುತ್ತದೆ. ಜೈಂಟ್ ಸೆಲ್ ಟ್ಯೂಮರ್ ಬೆಳವಣಿಗೆಯ ಪಟ್ಟಿ ಮುಚ್ಚಿದ ಮೇಲೆ ಬರುವಂಥದ್ದು, ಇಪ್ಪತ್ತರಿಂದ ನಲವತ್ತರವರಲ್ಲಿ ಹೆಚ್ಚು. ಹದಿಹರೆಯದ ಕೊನೆಯಲ್ಲಿ, ಅದರಲ್ಲೂ ಬೇಗ ಬೆಳವಣಿಗೆ ಮುಗಿಸಿದ ಹುಡುಗಿಯರಲ್ಲಿ, ಅದನ್ನೂ ನೆನಪಿನಲ್ಲಿಡಬೇಕಾಗುತ್ತದೆ. ಇವೆರಡನ್ನೂ ಕ್ಯಾನ್ಸರ್ ಅಲ್ಲವೆಂದು ಹೇಳಿದರೂ ಸಾಧುವೆಂದು ನಾನು ಹೇಳಲಾರೆ. ಬಿಟ್ಟರೆ ಎಲುಬನ್ನೇ ತಿಂದು ಮುಗಿಸುತ್ತವೆ.

ಇವೆಲ್ಲವುಗಳ ಹಿಂದೆ ನಿಂತಿರುವ ಹೆಸರು ಆಸ್ಟಿಯೋಸಾರ್ಕೋಮಾ. ಹದಿಹರೆಯದಲ್ಲಿ ಎಲುಬಿನಲ್ಲೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಅದೇ ಮುಖ್ಯವಾದದ್ದು, ಅದಕ್ಕೂ ಮೊಣಕಾಲಿನ ಸುತ್ತಲ ಜಾಗವೇ ಬೇಕು. ಗಡ್ಡೆ ವಾರದಿಂದ ವಾರಕ್ಕೆ ಬೆಳೆಯುವುದು, ಮೇಲಿನ ಚರ್ಮ ಬಿಸಿಯಾಗಿ ರಕ್ತನಾಳಗಳು ಎದ್ದು ಕಾಣುವುದು, ಹಗಲೂ ರಾತ್ರಿ ಬಿಡದ ನೋವು, ಎಕ್ಸ್‌ರೇಯಲ್ಲಿ ಎಲುಬಿನ ಅಂಚು ಅಳಿಸಿಹೋದಂತೆ ಅಥವಾ ಸೂರ್ಯಕಿರಣಗಳಂತೆ ಹೊರಕ್ಕೆ ಚಾಚಿದಂತೆ ಕಾಣುವುದು, ಇಂಥವು ಕಂಡರೆ ದಿನಗಳ ಲೆಕ್ಕದಲ್ಲಿ ಓಡಬೇಕೇ ಹೊರತು ತಿಂಗಳ ಲೆಕ್ಕದಲ್ಲಿ ಅಲ್ಲ.

ಎಕ್ಸ್‌ರೇ, ಸಿಟಿ, ಎಂಆರ್‌ಐ

ದುಬಾರಿಯಾದ ಪರೀಕ್ಷೆಯೇ ಹೆಚ್ಚು ಒಳ್ಳೆಯದೆಂಬ ನಂಬಿಕೆಯಿಂದ ನೇರವಾಗಿ ಎಂಆರ್‌ಐ ಮಾಡಿಸಿಕೊಂಡು ಬರುವವರು ಈಗ ಹೆಚ್ಚಾಗಿದ್ದಾರೆ. ಎಲುಬಿನ ಗಡ್ಡೆಯ ಮಟ್ಟಿಗೆ ಇದು ತಲೆಕೆಳಗಾದ ಕ್ರಮ. ಎದುರಿನಿಂದ ಒಂದು, ಪಕ್ಕದಿಂದ ಒಂದು, ಹೀಗೆ ಎರಡು ಸಾದಾ ಎಕ್ಸ್‌ರೇಗಳು ಅನುಭವವುಳ್ಳ ಕಣ್ಣಿಗೆ ಹೇಳುವಷ್ಟನ್ನು ಬೇರೆ ಯಾವುದೂ ಹೇಳುವುದಿಲ್ಲ. ಗಡ್ಡೆ ಎಲ್ಲಿದೆ, ಅದರ ಅಂಚು ಸ್ಪಷ್ಟವೋ ಮಸುಕೋ, ಸುತ್ತಲಿನ ಎಲುಬು ಬೇಲಿ ಕಟ್ಟಿಕೊಂಡಿದೆಯೋ ಸೋತಿದೆಯೋ ಎಂಬುದೆಲ್ಲ ಅಲ್ಲಿಯೇ ಕಾಣುತ್ತದೆ. ಆಸ್ಟಿಯೋಕಾಂಡ್ರೋಮಾ ಮತ್ತು ನಾನ್ ಆಸಿಫೈಯಿಂಗ್ ಫೈಬ್ರೋಮಾಗಳಿಗೆ ಬಹಳಷ್ಟು ಸಲ ಅಷ್ಟೇ ಸಾಕು.

ಆಸ್ಟಿಯಾಯ್ಡ್ ಆಸ್ಟಿಯೋಮಾದ ಅನುಮಾನವಿದ್ದರೆ ತೆಳುವಾದ ಪದರಗಳ ಸಿಟಿ ಸ್ಕ್ಯಾನ್ ಎಂಆರ್‌ಐಗಿಂತ ಮೇಲು. ಆ ಸಣ್ಣ ತಿರುಳು ಸಿಟಿಯಲ್ಲಿ ಸೂಜಿಯಿಂದ ಗುರುತಿಟ್ಟಂತೆ ಕಾಣುತ್ತದೆ. ಎಂಆರ್‌ಐಯಲ್ಲಿ ಸುತ್ತಲಿನ ಎಲುಬಿನ ಬಾವೇ ಎದ್ದು ಕಂಡು ಸೋಂಕೆಂದೋ ಕ್ಯಾನ್ಸರ್ ಎಂದೋ ವರದಿ ಬಂದು ಮನೆಯವರು ಕಂಗಾಲಾಗುವುದುಂಟು. ಸಿಟಿಯಲ್ಲಿ ವಿಕಿರಣವಿರುವುದರಿಂದ ನೋವಿರುವ ಜಾಗಕ್ಕಷ್ಟೇ ಸೀಮಿತವಾಗಿ ಮಾಡಿಸುವುದು ಒಳ್ಳೆಯದು. ಕಾಂಡ್ರೋಬ್ಲಾಸ್ಟೋಮಾ, ಅನ್ಯೂರಿಸ್ಮಲ್ ಬೋನ್ ಸಿಸ್ಟ್, ಜೈಂಟ್ ಸೆಲ್ ಟ್ಯೂಮರ್ ಅಥವಾ ಕ್ಯಾನ್ಸರ್‌ನ ಅನುಮಾನವಿದ್ದರೆ ಎಂಆರ್‌ಐ ಬೇಕೇ ಬೇಕು, ಏಕೆಂದರೆ ಗಡ್ಡೆ ಕೀಲಿಗೆ, ಬೆಳವಣಿಗೆಯ ಪಟ್ಟಿಗೆ, ರಕ್ತನಾಳಕ್ಕೆ ಎಷ್ಟು ಹತ್ತಿರವಿದೆ ಎಂಬುದನ್ನು ಅದೊಂದೇ ಸ್ಪಷ್ಟವಾಗಿ ತೋರಿಸುತ್ತದೆ. ಇಎಸ್‌ಆರ್, ಸಿಆರ್‌ಪಿಯಂಥ ರಕ್ತಪರೀಕ್ಷೆಗಳು ಗಡ್ಡೆಯ ಹೆಸರು ಹೇಳುವುದಿಲ್ಲ, ಸೋಂಕು ಅಥವಾ ಟಿಬಿ ಇರಬಹುದೇ ಎಂದು ತೂಗಲು ಸಹಾಯ ಮಾಡುತ್ತವೆ.

ಬಯಾಪ್ಸಿಯ ವಿಷಯದಲ್ಲಿ ಸ್ವಲ್ಪ ನಿಂತು ಹೇಳಬೇಕು. ಗಡ್ಡೆಯ ಚೂರನ್ನು ತೆಗೆದು ಪರೀಕ್ಷಿಸಿದರೆ ಕ್ಯಾನ್ಸರ್ ಕೆರಳುತ್ತದೆ ಎಂಬ ಭಯ ಜನರಲ್ಲಿದೆ. ಸರಿಯಾಗಿ ಮಾಡಿದ ಬಯಾಪ್ಸಿಯಿಂದ ಹಾಗೆ ಆಗುವುದಿಲ್ಲ. ಆದರೆ ಸೂಜಿ ಹೋದ ದಾರಿಯಲ್ಲಿ ಕೋಶಗಳು ಉಳಿದಿರಬಹುದಾದ್ದರಿಂದ, ಗಡ್ಡೆ ಕೆಟ್ಟದ್ದೆಂದು ತಿಳಿದರೆ ಮುಂದಿನ ಆಪರೇಷನ್‌ನಲ್ಲಿ ಆ ದಾರಿಯನ್ನೂ ಸೇರಿಸಿ ತೆಗೆಯಬೇಕಾಗುತ್ತದೆ. ದಾರಿ ತಪ್ಪಾದ ಜಾಗದಲ್ಲಿದ್ದರೆ ಉಳಿಸಬಹುದಾಗಿದ್ದ ಕಾಲೂ ಉಳಿಯದೆ ಹೋಗಬಹುದು. ಹಾಗಾಗಿ ಕೊನೆಯ ಆಪರೇಷನ್ ಮಾಡುವವರೇ ಬಯಾಪ್ಸಿಯನ್ನೂ ಮಾಡಬೇಕು, ಅಥವಾ ಅವರು ಹೇಳಿದ ಜಾಗದಲ್ಲೇ ಮಾಡಿಸಬೇಕು, ಮತ್ತು ಎಂಆರ್‌ಐ ಅದಕ್ಕೆ ಮೊದಲೇ ಆಗಿರಬೇಕು. “ಸಣ್ಣ ಗಂಟು, ಇಲ್ಲೇ ಕೊಯ್ದು ತೆಗೆದುಬಿಡೋಣ” ಎಂದು ಎಂಆರ್‌ಐ ಇಲ್ಲದೆ ಯಾರಾದರೂ ಹೇಳಿದರೆ ಒಪ್ಪಬೇಡಿ. ಅನ್ಯೂರಿಸ್ಮಲ್ ಬೋನ್ ಸಿಸ್ಟ್‌ನಂತೆಯೇ ಎಂಆರ್‌ಐಯಲ್ಲಿ ಪದರ ಪದರವಾಗಿ ನಿಂತ ರಕ್ತವನ್ನು ತೋರಿಸುವ ಒಂದು ಬಗೆಯ ಆಸ್ಟಿಯೋಸಾರ್ಕೋಮಾ ಇದೆ, ಚೂರು ನೋಡದೆ ಇವೆರಡನ್ನೂ ಬೇರ್ಪಡಿಸಲಾಗದು.

ಬಿಡುವುದು, ಸುಡುವುದು, ಕೆರೆದು ತೆಗೆಯುವುದು

ನಾನ್ ಆಸಿಫೈಯಿಂಗ್ ಫೈಬ್ರೋಮಾವನ್ನು ಬಿಡುವುದೇ ಸರಿ. ಅದು ಎಲುಬಿನ ಅಗಲದ ಅರ್ಧಕ್ಕಿಂತ ಹೆಚ್ಚನ್ನು ಆಕ್ರಮಿಸಿದ್ದರೆ ಮಾತ್ರ ಮುರಿಯುವ ಅಪಾಯವಿರುವುದರಿಂದ, ಕೆರೆದು ತುಂಬುವ ಮಾತು ಬರುತ್ತದೆ.

ಆಸ್ಟಿಯೋಕಾಂಡ್ರೋಮಾದಲ್ಲಿ ಆಯ್ಕೆ ಮಾಡಲು ಸಮಯವಿದೆ, ಮತ್ತು ತಂದೆತಾಯಿಗಳು ಅನಗತ್ಯವಾಗಿ ಅವಸರಪಡುವುದೂ ಇದರಲ್ಲೇ. ನೋವಿಲ್ಲದ ಗಂಟನ್ನು ಮುಂದೆ ಕ್ಯಾನ್ಸರ್ ಆದೀತೆಂಬ ಭಯಕ್ಕೆ ತೆಗೆಸಬೇಕಾಗಿಲ್ಲ; ಒಂಟಿ ಗಂಟು ಹಾಗೆ ತಿರುಗುವ ಸಾಧ್ಯತೆ ನೂರಕ್ಕೆ ಒಂದರ ಆಸುಪಾಸು, ಅದೂ ಸಾಮಾನ್ಯವಾಗಿ ದೊಡ್ಡವರಾದ ಮೇಲೆ. ಹತ್ತು ಹನ್ನೊಂದು ವರ್ಷಕ್ಕೇ ಆಪರೇಷನ್ ಮಾಡಿದರೆ ಗಡ್ಡೆ ಬೆಳವಣಿಗೆಯ ಪಟ್ಟಿಗೆ ತೀರ ಹತ್ತಿರವಿರುವುದರಿಂದ ಪಟ್ಟಿಗೆ ಏಟಾಗಬಹುದು, ಟೋಪಿಯ ಚೂರು ಉಳಿದು ಮತ್ತೆ ಬೆಳೆಯಬಹುದು. ವಯಸ್ಸಾದಂತೆ ಎಲುಬು ಉದ್ದವಾಗಿ ಗಡ್ಡೆ ತಾನಾಗಿ ಪಟ್ಟಿಯಿಂದ ದೂರ ಸರಿಯುತ್ತದೆ. ದಿನವೂ ನೋಯುತ್ತಿದ್ದರೆ, ಪಾದದ ಶಕ್ತಿ ಕುಗ್ಗುತ್ತಿದ್ದರೆ, ಕಾಲು ಸೊಟ್ಟಗಾಗುತ್ತಿದ್ದರೆ ವಯಸ್ಸು ನೋಡದೆ ತೆಗೆಸಬೇಕು. ಬೆಳವಣಿಗೆ ನಿಂತ ಮೇಲೆಯೂ ಗಂಟು ದೊಡ್ಡದಾಗುತ್ತಿದ್ದರೆ ಅದು ಎಚ್ಚರಿಕೆಯ ಗಂಟೆ, ಕೂಡಲೇ ತೋರಿಸಬೇಕು. ಇವಾವುವೂ ಇಲ್ಲದೆ ಚೆಂಡಾಟದಲ್ಲಿ ಮಾತ್ರ ಅಡ್ಡಿಯೆನಿಸುತ್ತಿದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ರಜೆಯಲ್ಲಿ ಮಾಡಿಸಿದರೂ ನಷ್ಟವಿಲ್ಲ. ನಮ್ಮ ಬೇಸಿಗೆಯಲ್ಲಿ ಗಾಯ ಮಾಯುವುದಿಲ್ಲವೆಂದು ಹಲವರು ಹಿಂಜರಿಯುತ್ತಾರೆ. ಬೆವರಿಗೆ ಪಟ್ಟಿ ಒದ್ದೆಯಾಗದಂತೆ ನೋಡಿಕೊಂಡರೆ ಏಪ್ರಿಲ್‌ನ ಗಾಯವೂ ಡಿಸೆಂಬರ್‌ನ ಗಾಯದಂತೆಯೇ ಮಾಯುತ್ತದೆ.

ಆಸ್ಟಿಯಾಯ್ಡ್ ಆಸ್ಟಿಯೋಮಾಕ್ಕೆ ನಿಜವಾಗಿಯೂ ಮೂರು ದಾರಿಗಳಿವೆ. ಮೊದಲನೆಯದು ಗುಳಿಗೆಗಳ ಮೇಲೆ ಕಾಯುವುದು: ಈ ಗಡ್ಡೆ ಕೆಲವು ವರ್ಷಗಳಲ್ಲಿ ತಾನೇ ತಣ್ಣಗಾಗುವುದುಂಟು. ಆದರೆ ಅಷ್ಟು ವರ್ಷ ನೋವಿನ ಗುಳಿಗೆ ನುಂಗಿದ ಮಗುವಿನ ಹೊಟ್ಟೆ ಮತ್ತು ಮೂತ್ರಪಿಂಡಗಳ ಗತಿಯೇನು, ಕೆಟ್ಟ ನಿದ್ದೆಯಲ್ಲಿ ಓದುವುದು ಹೇಗೆ ಎಂದು ಯೋಚಿಸಬೇಕು. ಮಕ್ಕಳಿಗೆ ಆಸ್ಪಿರಿನ್ ಅನ್ನು ವೈದ್ಯರ ಮಾತಿಲ್ಲದೆ ಕೊಡಲೇಬಾರದು, ವೈರಲ್ ಜ್ವರದ ಹೊತ್ತಿನಲ್ಲಿ ಅದು ಮಿದುಳಿಗೂ ಯಕೃತ್ತಿಗೂ ಅಪಾಯ ತರಬಲ್ಲದು. ಎರಡನೆಯದು ತೆರೆದು ಕೊಯ್ದು ತಿರುಳನ್ನು ತೆಗೆಯುವುದು: ಸಣ್ಣ ತಿರುಳನ್ನು ಹುಡುಕಲು ಸುತ್ತಲಿನ ಗಟ್ಟಿ ಎಲುಬನ್ನೂ ಕಡಿಯಬೇಕಾಗಿ, ಆಮೇಲೆ ತಿಂಗಳುಗಟ್ಟಲೆ ಎಲುಬು ಮುರಿಯದಂತೆ ಕಾಯಬೇಕಾಗುತ್ತದೆ. ಮೂರನೆಯದು ರೇಡಿಯೋಫ್ರೀಕ್ವೆನ್ಸಿ ಅಬ್ಲೇಷನ್: ಅರಿವಳಿಕೆ ಕೊಟ್ಟು, ಸಿಟಿಯಲ್ಲಿ ನೋಡುತ್ತಾ ಎಲುಬಿನೊಳಗೆ ಸೂಜಿಯಂಥ ತಂತಿಯನ್ನು ಇಳಿಸಿ, ಅದರ ತುದಿಯನ್ನು 90 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಆರು ನಿಮಿಷದಷ್ಟು ಇಟ್ಟು ತಿರುಳನ್ನು ಸುಡುವುದು. ಗಾಯ ಒಂದು ಹೊಲಿಗೆಯಷ್ಟು, ಮಗು ಸಾಮಾನ್ಯವಾಗಿ ಮರುದಿನವೇ ಮನೆಗೆ ಹೋಗುತ್ತದೆ, ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಒಂದೇ ಸಲಕ್ಕೆ ಗುಣ. ಉಳಿದವರಿಗೆ ಮತ್ತೊಮ್ಮೆ ಮಾಡಬಹುದು. ತಿರುಳು ದೊಡ್ಡ ನರಕ್ಕೆ ಅಥವಾ ಚರ್ಮಕ್ಕೆ ತೀರ ಹತ್ತಿರವಿದ್ದಾಗ ಮಾತ್ರ ಇದು ಹೊಂದುವುದಿಲ್ಲ. ನನ್ನನ್ನು ಕೇಳಿದರೆ, ಈ ಸೌಲಭ್ಯವಿರುವ ಊರಿಗೆ ಹೋಗುವ ಬಸ್ ಖರ್ಚನ್ನು ಸಾಲ ಮಾಡಿಯಾದರೂ ಹೊಂದಿಸಿ ಎನ್ನುತ್ತೇನೆ. ಆ ಹುಡುಗ ಸುಡಿಸಿಕೊಂಡ ರಾತ್ರಿಯೇ ಗುಳಿಗೆ ಇಲ್ಲದೆ ಮಲಗಿದನೆಂದು ಅವನ ತಾಯಿ ಫೋನಿನಲ್ಲಿ ಹೇಳಿದರು.

ಕಾಂಡ್ರೋಬ್ಲಾಸ್ಟೋಮಾದಲ್ಲಿ ಕಾಯುವ ಆಯ್ಕೆಯೇ ಇಲ್ಲ. ಗಡ್ಡೆ ಕೀಲಿನ ಮೃದ್ವಸ್ಥಿಯತ್ತ ಹೆಜ್ಜೆ ಇಡುತ್ತಲೇ ಇರುತ್ತದೆ, ಒಮ್ಮೆ ಕೀಲಿನ ಮೇಲ್ಮೈ ಕುಸಿದರೆ ಮೂವತ್ತಕ್ಕೇ ಮುದುಕರ ಮೊಣಕಾಲು ಬಂದುಬಿಡುತ್ತದೆ. ಎಲುಬಿಗೆ ಕಿಟಕಿ ತೆರೆದು ಕೆರೆದು, ಗೋಡೆಯನ್ನು ಡ್ರಿಲ್‌ನಿಂದ ಉಜ್ಜಿ, ಖಾಲಿ ಜಾಗವನ್ನು ತುಂಬುತ್ತಾರೆ. ಹತ್ತರಲ್ಲಿ ಒಬ್ಬರಿಗಾದರೂ ಅದು ಮರುಕಳಿಸುತ್ತದೆ, ಆದ್ದರಿಂದ ಎರಡು ಮೂರು ವರ್ಷ ಬಿಡದೆ ತೋರಿಸುತ್ತಿರಬೇಕು. ಅನ್ಯೂರಿಸ್ಮಲ್ ಬೋನ್ ಸಿಸ್ಟ್‌ಗೂ ಕೆರೆಯುವುದೇ ಮುಖ್ಯ ದಾರಿ. ಚೀಲದ ಒಳಗೆ ಔಷಧಿ ಚುಚ್ಚಿ ಒಣಗಿಸುವ ವಿಧಾನವೂ ಇದೆ, ಕೊಯ್ಯುವುದು ಕಷ್ಟವಾದ ಜಾಗಕ್ಕೂ ಬೆಳವಣಿಗೆಯ ಪಟ್ಟಿಗೆ ಅಂಟಿಕೊಂಡದ್ದಕ್ಕೂ ಅದು ಒಳ್ಳೆಯದು, ಆದರೆ ಹಲವು ಸಲ ಹೋಗಿಬರಬೇಕಾಗುತ್ತದೆ. ಜೈಂಟ್ ಸೆಲ್ ಟ್ಯೂಮರ್‌ಗೆ ಕೆರೆಯುವುದರ ಜೊತೆಗೆ, ತೆಗೆಯಲಾಗದಂಥ ಸ್ಥಿತಿಯಲ್ಲಿ ಬೆಳವಣಿಗೆ ಮುಗಿದವರಿಗೆ ಡೆನೊಸುಮ್ಯಾಬ್ ಎಂಬ ಇಂಜೆಕ್ಷನ್ ಇದೆ.

ಖಾಲಿ ಜಾಗ ತುಂಬುವುದು

ಆಪರೇಷನ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ “ಬೋನ್ ಗ್ರಾಫ್ಟ್” ಎಂಬ ಮಾತು ಬರುತ್ತದೆ, ಹೆಚ್ಚಿನವರು ಅದೇನೆಂದು ಕೇಳುವುದಿಲ್ಲ. ಗಡ್ಡೆ ಕೆರೆದು ಖಾಲಿಯಾದ ಜಾಗಕ್ಕೆ ಎಲುಬು ತುಂಬುವುದೇ ಅದು. ಮಗುವಿನದೇ ಸೊಂಟದ ಎಲುಬಿನಿಂದ ತೆಗೆದು ತುಂಬಿದರೆ ಅದು ಬೇಗ ಒಂದಾಗುತ್ತದೆ, ಖರ್ಚಿಲ್ಲ, ಆದರೆ ಎರಡನೆಯ ಗಾಯ ಮತ್ತು ಅದರ ನೋವು ಕೆಲವು ವಾರ ಇರುತ್ತದೆ. ಅಂಗಡಿಯಿಂದ ತರಿಸುವ ಕೃತಕ ಎಲುಬಿನ ಹರಳುಗಳಲ್ಲಿ ಎರಡನೆಯ ಗಾಯವಿಲ್ಲ, ಬೆಲೆ ಹೆಚ್ಚು, ಎಲುಬಾಗಿ ಬದಲಾಗಲು ಹೆಚ್ಚು ಕಾಲ ಬೇಕು. ಬೋನ್ ಸಿಮೆಂಟ್ ಎಂಬ, ಎಲುಬಿನೊಳಗೆ ತುಂಬಿ ಗಟ್ಟಿಯಾಗುವ ಪದಾರ್ಥ ಹಾಕಿದರೆ ಮರುದಿನದಿಂದಲೇ ಕಾಲೂರಬಹುದು, ಗಡ್ಡೆ ಮರುಕಳಿಸಿದರೆ ಎಕ್ಸ್‌ರೇಯಲ್ಲಿ ಬೇಗ ಕಾಣುತ್ತದೆ. ಆದರೆ ಅದು ಎಲುಬಾಗುವುದಿಲ್ಲವಾದ್ದರಿಂದ ಬೆಳೆಯುವ ಮಕ್ಕಳಿಗಿಂತ ಬೆಳವಣಿಗೆ ಮುಗಿದವರಿಗೇ ಹೆಚ್ಚು ಹೊಂದುತ್ತದೆ. ಸಿಮೆಂಟ್ ಹಾಕದಿದ್ದರೆ ಆರರಿಂದ ಹನ್ನೆರಡು ವಾರ ಕಾಲಿಗೆ ಪೂರ್ತಿ ಭಾರ ಬಿಡುವಂತಿಲ್ಲ. ಮನೆಯಲ್ಲಿ ಕುಕ್ಕರಗಾಲಿನ ಶೌಚಾಲಯವೊಂದೇ ಇದ್ದರೆ ಮಧ್ಯದಲ್ಲಿ ಕಿಂಡಿಯಿರುವ ಕುರ್ಚಿಯನ್ನು ಆಪರೇಷನ್‌ಗೆ ಮೊದಲೇ ಮಾಡಿಸಿಡಿ. ನಂಜಾಗುತ್ತದೆಂದು ತತ್ತಿ, ಬೇಳೆ, ಹಾಲು ಬಿಡಿಸಬೇಡಿ. ಎಲುಬು ಕಟ್ಟಿಕೊಳ್ಳುವುದು ಅವುಗಳಿಂದಲೇ.

ಎಲ್ಲಿಗೆ ಹೋಗುವುದು

ರಾಯಚೂರಿನ ರಿಮ್ಸ್, ಕೊಪ್ಪಳದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಎಂದೇ ಕರೆಯುವ ವೈದ್ಯಕೀಯ ಕಾಲೇಜು ಆಸ್ಪತ್ರೆ, ಮೂರೂ ಸರ್ಕಾರಿ ಬೋಧನಾ ಆಸ್ಪತ್ರೆಗಳು. ಮೊದಲ ತಪಾಸಣೆ ಮತ್ತು ಎಕ್ಸ್‌ರೇಗೆ ಇವೇ ಸರಿಯಾದ ಜಾಗ, ಸಾದಾ ಗಂಟನ್ನು ಕಾಯುತ್ತಾ ಆರು ತಿಂಗಳಿಗೊಮ್ಮೆ ತೋರಿಸಲು ದೂರ ಹೋಗಬೇಕಾಗಿಲ್ಲ. ಕೀಲಿಗೆ ಅಂಟಿದ ಗಡ್ಡೆ, ವೇಗವಾಗಿ ಬೆಳೆಯುವ ಗಡ್ಡೆ, ಹೆಸರು ತಿಳಿಯದ ಗಡ್ಡೆಗಳಿಗೆ ಮಾತ್ರ ಎಲುಬಿನ ಗಡ್ಡೆಗಳನ್ನೇ ನೋಡುವ ತಜ್ಞರಿರುವ ಊರಿಗೆ ಹೋಗಬೇಕು. ಕ್ಯಾನ್ಸರ್‌ನ ಅನುಮಾನವಿದ್ದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಿದೆ, ಕಲಬುರಗಿಯಲ್ಲಿಯೂ ಅದರ ಕೇಂದ್ರವಿದೆ.

2018ರಿಂದ ನಡೆಯುತ್ತಿರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ತುರ್ತಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ, ಆದ್ದರಿಂದ ಬಸ್ ಹತ್ತುವ ಮೊದಲೇ ಅದನ್ನು ಬರೆಸಿಕೊಳ್ಳಿ. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ, ಹೋಗುವುದು ಸಹಜ. ಆದರೆ ರಾಜ್ಯದ ಗಡಿ ದಾಟಿದ ಮೇಲೆ ಆ ಆಸ್ಪತ್ರೆಯಲ್ಲಿ ನಿಮ್ಮ ಕಾರ್ಡ್ ನಡೆಯುತ್ತದೆಯೇ ಎಂದು ಫೋನ್ ಮಾಡಿ ಕೇಳಿಕೊಂಡೇ ಹೊರಡಿ.

ಹೋಗುವಾಗ ವರದಿಯ ಕಾಗದವೊಂದೇ ಸಾಲದು, ಎಕ್ಸ್‌ರೇ ಫಿಲ್ಮ್, ಎಂಆರ್‌ಐ ಸಿಡಿ, ಬಯಾಪ್ಸಿ ಆಗಿದ್ದರೆ ಅದರ ಸ್ಲೈಡು ಮತ್ತು ಮೇಣದ ಬ್ಲಾಕು, ಎಲ್ಲವನ್ನೂ ಕೇಳಿ ಪಡೆದು ಒಯ್ಯಿರಿ. ಅವು ನಿಮ್ಮ ಮಗುವಿನವು. ಫಿಲ್ಮನ್ನು ಮಡಚಬೇಡಿ, ಬಿಸಿಲಿನಲ್ಲಿ ಬಿಡಬೇಡಿ. ಆ ಹುಡುಗನ ತಾಯಿ ಮೊದಲ ಎಕ್ಸ್‌ರೇಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟಿದ್ದರು. ಒಂದು ವರ್ಷದ ನಂತರ ಹೊಸದನ್ನು ಅದರ ಪಕ್ಕದಲ್ಲಿ ಹಿಡಿದು ನೋಡಿದಾಗ ಕಪ್ಪು ಚುಕ್ಕೆಯ ಜಾಗ ತುಂಬಿಕೊಂಡಿತ್ತು, ಮತ್ತು ನನ್ನ ಟೇಪಿನಲ್ಲಿ ಎರಡೂ ತೊಡೆಗಳ ಅಳತೆ ಒಂದೇ ಬಂದಿತು.